ಒಟ್ಟಿಗೆ ಕುಂತು ಉಂಡ್ರ ಜಗಳ ಹೋಗ್ತದೇನು?

ಸರ್ರ, ರಾಯಚೂರಿನ ನಿಮ್ಮ ಹಾಸ್ಟೆಲ್‌ನಾಗ ಗಂಗಾವತಿ ಕಡೆಯವ್ರು, ಮಾನ್ವಿ ಕಡೆಯವ್ರು ಎರಡು ಗುಂಪಾಗ್ಯಾರ, ಊಟಕ್ಕ ಒಂದ ಸಾಲಿನ್ಯಾಗ ಕುಂದ್ರಿಸಿ ಊರಿನ ಗುಂಪು ಬಿಡಿಸಿದ್ರ ಸರಿ ಹೋಗ್ತದೇನು ಅಂತ ಕೇಳೀರಿ. ಅಷ್ಟಕ್ಕ ಆಗಂಗಿಲ್ರಿ. 1954ರಾಗ ಅಮೆರಿಕದ ಒಕ್ಲಹೋಮಾದಾಗ ಮುಜಫರ್ ಶೆರಿಫ್ ಅನ್ನೋ ಮನಶ್ಶಾಸ್ತ್ರಜ್ಞರು 22 ಹುಡುಗ್ರನ್ನ ಎರಡು ಗುಂಪು ಮಾಡಿ ಕ್ಯಾಂಪ್ ಇಟ್ಟಿದ್ರು, ಹಗ್ಗ ಜಗ್ಗಾಟ, ಬೇಸ್‌ಬಾಲ್ ಅಂತ ಪೈಪೋಟಿ ಹಚ್ಚಿದ ಮ್ಯಾಲ ಬೈದಾಡಿದ್ರು, ಬಾವುಟ ಸುಟ್ರು, ಆಮ್ಯಾಲ ಒಟ್ಟಿಗೆ ಊಟಕ್ಕ ಬಿಟ್ರ ಊಟಾನ ಎತ್ತಿ ಒಬ್ರ ಮ್ಯಾಲ ಒಬ್ರು ಒಗದಾಡಿದ್ರು. ಸಿಟ್ಟು ಇಳಿದಿದ್ದು ಯಾವಾಗಂದ್ರ, ಕ್ಯಾಂಪಿನ ನೀರು ನಿಂತಾಗ, ಲಾರಿ ಚಾಲೂ ಆಗದಾಗ ಎಲ್ಲಾರೂ ಕೂಡಿ ಹಗ್ಗ ಹಾಕಿ ಎಳದಾಗ, ಅದೂ ಒಂದ ದಿನಕ್ಕಲ್ಲ.

ನಮ್ಮ ಕಡೆನೂ ನೋಡ್ರಿ, ತುಂಗಭದ್ರಾ ಎಡದಂಡೆ ಕಾಲುವೆದಾಗ ಮ್ಯಾಲಿನ ಗಂಗಾವತಿ ಕಡೆಯವ್ರು ನೀರು ಹಿಡ್ಕೋತಾರ ಅಂತ ಕೆಳಭಾಗದ ಮಾನ್ವಿ ಕಡೆಯವ್ರ ಸಿಟ್ಟು ಇದ್ದದ್ದ, ಆದ್ರ 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಇಬ್ರಿಗೂ ಒಂದ ಚಿಂತಿ.

ಊರಿನ ಹೆಸರು ಮಾತ್ರ ಬಿಡಿಸಾಕ ಹೋಗಬ್ಯಾಡ್ರಿ, ಕಸಗೊಂಡಷ್ಟು ಗಟ್ಟಿ ಹಿಡೀತಾರ. ಮೆಸ್ ಕಮಿಟಿ ಎರಡೂ ಕಡೆ ಸಮ ಸಮ ಮಂದಿ ಇಟ್ಟು ಅವ್ರ ಕೈಯಾಗ ಕೊಡ್ರಿ, ಮೆನು, ಖರ್ಚು ಎಲ್ಲಾ ಅವ್ರ ಕೂಡಿ ತೀರ್ಮಾನ ಮಾಡ್ಲಿ.