ತಪ್ಪಿಸಿಕೊಂಡ ನ್ಯೂಟ್ರಾನುಗಳ ಲೆಕ್ಕ

ಪ್ರಶ್ನೆ: ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ. ಆದರೂ ಎಲೆಕ್ಟ್ರಾನುಗಳನ್ನು ಅದಕ್ಕೆ ಬಡಿಸಿ ಅದರ ಒಳರಚನೆಯನ್ನು ಅಳೆಯುತ್ತಾರೆಂದು ಓದಿದೆ. ಶೋಧಕಕ್ಕೆ ಸಿಗದೆ ಹೋದ ನ್ಯೂಟ್ರಾನುಗಳ ಲೆಕ್ಕವನ್ನು ಇಡುವುದು ಹೇಗೆ?

ಉತ್ತರ: ಒಟ್ಟು ಆವೇಶ ಸೊನ್ನೆಯಾದರೂ ಒಳಗಿರುವ ಕ್ವಾರ್ಕುಗಳೆಂಬ ಇನ್ನೂ ಸಣ್ಣ ಕಣಗಳಿಗೆ ಆವೇಶವಿದೆ, ಎಲೆಕ್ಟ್ರಾನು ಚದುರುವುದು ಅವುಗಳಿಂದಲೇ. ಬಿಡಿ ನ್ಯೂಟ್ರಾನಿನ ಸರಾಸರಿ ಆಯುಸ್ಸು ಸುಮಾರು 880 ಸೆಕೆಂಡು ಮಾತ್ರವಾದ್ದರಿಂದ ಅದನ್ನೇ ಕೂಡಿಟ್ಟು ಗುರಿ ಮಾಡಿಕೊಳ್ಳಲಾಗದು. ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಸಡಿಲವಾಗಿ ಬೆಸೆದುಕೊಂಡಿರುವ ಡ್ಯೂಟೀರಿಯಂ ಆ ಜಾಗಕ್ಕೆ ಬರುತ್ತದೆ.

ನಿಜವಾದ ತೊಡಕು ಅನಂತರದ್ದು. ಪ್ರೋಟಾನು ಶೋಧಕವನ್ನು ಹೊಕ್ಕೊಡನೆ ದಾರಿಯುದ್ದಕ್ಕೂ ಗುರುತು ಬಿಡುತ್ತದೆ. ನ್ಯೂಟ್ರಾನು ಮಾತ್ರ ಸಿಂಟಿಲೇಟರಿನ (ಆವೇಶವುಳ್ಳ ಕಣ ಹಾದರೆ ಮಿಂಚುವ ಶೋಧಕದ ಭಾಗ) ಪ್ಲಾಸ್ಟಿಕ್ಕಿನಲ್ಲಿ ಯಾವುದಾದರೂ ಪರಮಾಣು ಬೀಜಕ್ಕೆ ಡಿಕ್ಕಿ ಹೊಡೆದು ಆವೇಶವುಳ್ಳ ಕಣವೊಂದನ್ನು ಕೆದಕಿದರಷ್ಟೇ ಬೆಳಕಿನ ಮಿಂಚು ಕಾಣುತ್ತದೆ, ಇಲ್ಲವಾದರೆ ಸುಳಿವೇ ಕೊಡದೆ ಆಚೆ ಹೋಗುತ್ತದೆ. ನೂರರಲ್ಲಿ ಎಷ್ಟು ಸಿಕ್ಕವು ಎಂಬ ಈ ದಕ್ಷತೆಯು ನ್ಯೂಟ್ರಾನಿನ ಸಂವೇಗದೊಂದಿಗೂ, ಮಿಂಚನ್ನು ಎಣಿಕೆಗೆ ಸೇರಿಸಲು ಇಟ್ಟ ಕನಿಷ್ಠ ಮಿತಿಯೊಂದಿಗೂ ಬದಲಾಗುತ್ತದೆ. ಗಣಕದ ಅನುಕರಣೆಯೊಂದನ್ನೇ ನೆಚ್ಚಿ ಅದನ್ನು ನಿರ್ಧರಿಸುವುದು ನನ್ನ ದೃಷ್ಟಿಯಲ್ಲಿ ಅರೆಬರೆ ಕೆಲಸ.

ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಪ್ರಯೋಗಾಲಯದವರು 2000ದಲ್ಲಿ ಕ್ಲಾಸ್ (CLAS) ಎಂಬ ಶೋಧಕದಿಂದ ನ್ಯೂಟ್ರಾನಿನ ಕಾಂತೀಯ ರಚನೆಯನ್ನು ಅಳೆದಾಗ ಮಾಡಿದ ಉಪಾಯ ಸೊಗಸಾಗಿದೆ. ಡ್ಯೂಟೀರಿಯಂ ಮತ್ತು ಹೈಡ್ರೋಜನ್ ತುಂಬಿದ ಎರಡು ಕೋಶಗಳನ್ನು ಒಂದರ ಹಿಂದೊಂದರಂತೆ ಒಂದೇ ಎಲೆಕ್ಟ್ರಾನ್ ಪುಂಜದ ದಾರಿಯಲ್ಲಿ ಇರಿಸಿದರು. ಹೈಡ್ರೋಜನ್ನಿನ ಪ್ರೋಟಾನಿಗೆ ಎಲೆಕ್ಟ್ರಾನು ಬಡಿದಾಗ ಕೆಲವೊಮ್ಮೆ ಪಯಾನ್ ಎಂಬ ಧನಾವೇಶದ ಹಗುರ ಕಣ ಹುಟ್ಟಿ, ಪ್ರೋಟಾನು ನ್ಯೂಟ್ರಾನಾಗಿ ಹೊರಬೀಳುತ್ತದೆ. ಚದುರಿದ ಎಲೆಕ್ಟ್ರಾನು ಮತ್ತು ಪಯಾನುಗಳ ದಾರಿ ಕಾಂತಕ್ಷೇತ್ರದಲ್ಲಿ ಎಷ್ಟು ಬಾಗಿತೆಂದು ಅಳೆದರೆ ಅವುಗಳ ಸಂವೇಗ ತಿಳಿಯುತ್ತದೆ. ಶಕ್ತಿ ಮತ್ತು ಸಂವೇಗದ ಲೆಕ್ಕದಲ್ಲಿ ಕೊರತೆ ಬಿದ್ದದ್ದೇ ನ್ಯೂಟ್ರಾನಿನ ಪಾಲು. ಹೀಗೆ ನ್ಯೂಟ್ರಾನು ಎಲ್ಲಿಗೆ ಬಂದಿರಬೇಕೆಂದು ಮೊದಲೇ ಗೊತ್ತಾಗುವುದರಿಂದ, ಆ ಜಾಗದಲ್ಲಿ ಮಿಂಚು ಕಂಡಿತೇ ಇಲ್ಲವೇ ಎಂದು ನೋಡಿದರೆ ಸಾಕು. ನೂರು ಕಡೆ ನಿರೀಕ್ಷಿಸಿ ನಲವತ್ತು ಕಡೆ ಕಂಡರೆ ದಕ್ಷತೆ ಶೇಕಡ 40. ಅಳತೆಯೂ ದಕ್ಷತೆಯ ತಾಳೆಯೂ ಏಕಕಾಲಕ್ಕೆ ನಡೆಯುವುದರಿಂದ ಉಪಕರಣವು ದಿನಗಳೆದಂತೆ ಬದಲಾದರೂ ಲೆಕ್ಕ ಕೆಡುವುದಿಲ್ಲ.

ಅವರು ಅಳೆದದ್ದು ಡ್ಯೂಟೀರಿಯಂನಿಂದ ಸಿಡಿದ ನ್ಯೂಟ್ರಾನು ಮತ್ತು ಪ್ರೋಟಾನುಗಳ ಅನುಪಾತವನ್ನು. ಪುಂಜದ ತೀವ್ರತೆ, ಗುರಿಯ ದಪ್ಪ ಮುಂತಾದವುಗಳ ದೋಷಗಳು ಅನುಪಾತದಲ್ಲಿ ವಜಾ ಆಗಿಬಿಡುತ್ತವೆ, ದಕ್ಷತೆಯ ದೋಷ ಮಾತ್ರ ವಜಾ ಆಗುವುದಿಲ್ಲ. ಒಂದು ಸಮಾಧಾನವುಂಟು: ಚದುರುವಿಕೆಯ ಪ್ರಮಾಣವು ಮುಖ್ಯವಾಗಿ ಕಾಂತೀಯ ರಚನಾಂಶದ (ಕಾಂತೀಯ ರಚನೆಯನ್ನು ಸೂಚಿಸುವ ಸಂಖ್ಯೆ) ವರ್ಗಕ್ಕೆ ಅನುಗುಣವಾಗಿರುವುದರಿಂದ, ದಕ್ಷತೆಯಲ್ಲಿ ಶೇಕಡ 2ರಷ್ಟು ತಪ್ಪಿದ್ದರೆ ರಚನಾಂಶದಲ್ಲಿ ಅದು ಸುಮಾರು ಶೇಕಡ 1ರಷ್ಟಾಗಿ ಉಳಿಯುತ್ತದೆ.