ಹಳೆ ಮಾನಿಟರ್‌ನಲ್ಲಿ ಎಚ್‌ಡಿ ನೋಡಬಹುದಾ? ಮೊದಲು ಕೂರುವ ಜಾಗ ಅಳೆಯಿರಿ

ಧಾರಾಳವಾಗಿ ನೋಡಬಹುದು. ನಿಮ್ಮ ಹತ್ತಿರ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಇದೆ, ಹಿಂದೆ ಚಿತ್ರದ ಕೇಬಲ್ ಚುಚ್ಚಲು ವಿಜಿಎ (ಹಳೆಯ ಅನಲಾಗ್) ಮತ್ತು ಡಿವಿಐ (ಡಿಜಿಟಲ್) ಪೋರ್ಟ್ ಮಾತ್ರ, ಸ್ಪೀಕರ್ ಇಲ್ಲ. ಅದಕ್ಕೇ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿ ರೂಮಿನಲ್ಲಿ ಸಿನಿಮಾ, ಕ್ರಿಕೆಟ್ ನೋಡಬಹುದಾ, ಇಲ್ಲ ಟಿವಿಯನ್ನೇ ತರಬೇಕಾ ಅಂತ ಕೇಳಿದ್ದೀರಿ. ಟಿವಿ ಬೇಕಾ ಬೇಡವಾ ಅನ್ನುವುದು ನೀವು ಎಷ್ಟು ದೂರದಲ್ಲಿ ಕೂರುತ್ತೀರಿ ಅನ್ನುವುದರ ಮೇಲಿದೆ. ಪೋರ್ಟ್, ಕೇಬಲ್ ಎಲ್ಲ ಆಮೇಲಿನ ಮಾತು.

ನಿಮ್ಮ ಮಾನಿಟರ್‌ನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್ ಇವೆ. 24 ಇಂಚಿನಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್. ಇಷ್ಟು ಚಿಕ್ಕದನ್ನು ಬಿಡಿಬಿಡಿಯಾಗಿ ಗುರುತಿಸಲು ಸಾಮಾನ್ಯ ಕಣ್ಣಿಗೆ ಸಾಧ್ಯವಾಗುವುದು ಹೆಚ್ಚೆಂದರೆ ಮೂರು ಅಡಿಯಿಂದ. ಐದು ಅಡಿ ಆಚೆ ಹೋದರೆ ಇದೇ ಪರದೆಯಲ್ಲಿ 720 ಗೆರೆಗಳ ಚಿತ್ರ ಯಾವುದು, 1080 ಗೆರೆಗಳದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮಾನಿಟರನ್ನು ಗೋಡೆ ಹತ್ತಿರ ಇಟ್ಟು ಎಂಟು ಅಡಿ ದೂರದ ಮಂಚದ ಮೇಲೆ ಮಲಗಿ ನೋಡುವುದಾದರೆ ಎಚ್‌ಡಿ ಪ್ಯಾಕಿಗೆ ಕಟ್ಟುವ ದುಡ್ಡು ದಂಡ. ಆಗ ದೊಡ್ಡ ಟಿವಿಯೇ ಸರಿ. ಮೇಜಿನ ಮುಂದೆ ಮೂರಡಿಯೊಳಗೆ ಕೂರುವುದಾದರೆ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೂರಡಿಯಿಂದ 24 ಇಂಚು ನೋಡುವುದೂ ಆರಡಿಯಿಂದ 48 ಇಂಚಿನ ಟಿವಿ ನೋಡುವುದೂ ಕಣ್ಣಿಗೆ ಒಂದೇ ಅಳತೆ. ನಾನು ಸಿನಿಮಾ ನೋಡುವುದು ಹೀಗೇ. ಒಬ್ಬರು, ಹೆಚ್ಚೆಂದರೆ ಇಬ್ಬರು ನೋಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ.

ಇನ್ನು ಕೇಬಲ್. ವಿಜಿಎ ತಂಟೆಗೆ ಹೋಗಬೇಡಿ. ಡಿವಿಐ ಬಂದಿದ್ದು 1999ರಲ್ಲಿ, ಎಚ್‌ಡಿ ಬಾಕ್ಸಿನ ಹಿಂದೆ ಇರುವ ಎಚ್‌ಡಿಎಂಐ 2002ರ ಕೊನೆಯಲ್ಲಿ. ಎರಡನೆಯದು ಚಿತ್ರ ಕಳಿಸುವ ರೀತಿಯನ್ನು ಮೊದಲನೆಯದರಿಂದಲೇ ತೆಗೆದುಕೊಂಡಿದೆ. ಹಾಗಾಗಿ ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಡಿವಿಐ ಇರುವ ಸಾದಾ ಕೇಬಲ್ ಸಾಕು, ಚಿತ್ರದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಅಂಗಡಿಯವರು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಕನ್ವರ್ಟರ್ ತೋರಿಸಿದರೆ ಬೇಡ ಅನ್ನಿ.

ಆದರೆ ಕೇಬಲ್ ಕೊಳ್ಳುವ ಮುಂಚೆ ಮಾನಿಟರ್‌ನ ಮ್ಯಾನ್ಯುಯಲ್ ತೆಗೆದು ಎಚ್‌ಡಿಸಿಪಿ ಅಂತ ಬರೆದಿದೆಯಾ ನೋಡಿ. ಕಾಪಿ ಮಾಡದಂತೆ ಹಾಕುವ ಬೀಗ ಅದು. ಬಾಕ್ಸ್ ಕೇಳಿದ ಕೀಲಿ ಮಾನಿಟರ್‌ನಲ್ಲಿ ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಎಚ್ಚರಿಕೆಯ ಸಾಲೊಂದು ಬರುತ್ತದೆ. ಡಿವಿಐ ಮಾತ್ರ ಇರುವ ತೀರಾ ಹಳೆ ಮಾನಿಟರ್‌ಗಳಲ್ಲಿ ಕೆಲವಕ್ಕೆ ಇದು ಇರುವುದಿಲ್ಲ. ನೀವೇ ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಕಂಪ್ಯೂಟರ್‌ನಿಂದ ಹಾಕಿ ನೋಡಲು ಇದರ ಅಡ್ಡಿ ಇಲ್ಲ.

ಡಿವಿಐನಲ್ಲಿ ಧ್ವನಿ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಪಿನ್ ಹಾಕುವ ಜಾಗ ಇದ್ದರೆ ಕೆಂಪು ಮತ್ತು ಬಿಳಿಯನ್ನು ಕಂಪ್ಯೂಟರ್ ಸ್ಪೀಕರಿಗೆ ಕೊಡಿ, ಹಳದಿ ಖಾಲಿ ಬಿಡಿ.

ಜನ ಹೆಚ್ಚು ತಲೆಕೆಡಿಸಿಕೊಳ್ಳುವುದು ಇದಾದ ಮೇಲೆ. ನಮ್ಮಲ್ಲಿ ಟಿವಿ ಪ್ರಸಾರ ಸೆಕೆಂಡಿಗೆ 50 ಚಿತ್ರದ (50 ಹರ್ಟ್ಸ್) ಲೆಕ್ಕದಲ್ಲಿ ನಡೆಯುತ್ತದೆ, ಕಂಪ್ಯೂಟರ್ ಮಾನಿಟರ್ ಸಾಮಾನ್ಯವಾಗಿ 60ರಲ್ಲಿ. ಕೆಲವು ಮಾನಿಟರ್‌ಗಳು 50 ಹರ್ಟ್ಸ್ ಒಪ್ಪದೆ 'ಔಟ್ ಆಫ್ ರೇಂಜ್' ಅಂತ ತೋರಿಸಿ ಸುಮ್ಮನಾಗುತ್ತವೆ. ಒಪ್ಪಿದರೂ ಕೆಲವದರಲ್ಲಿ ನ್ಯೂಸ್ ಚಾನೆಲಿನ ಕೆಳಗೆ ಓಡುವ ಅಕ್ಷರಗಳು ತಡೆತಡೆದು ಹೋಗುತ್ತವೆ. ಇದರ ಜೊತೆಗೆ ಬಾಕ್ಸ್ 1080ಐನಲ್ಲಿ ಇದ್ದರೆ ಒಂದು ಸಲಕ್ಕೆ ಅರ್ಧ ಗೆರೆಗಳನ್ನಷ್ಟೇ ಕಳಿಸುತ್ತದೆ. ಎರಡು ಅರ್ಧಗಳನ್ನು ನೀಟಾಗಿ ಸೇರಿಸುವ ಕೆಲಸ ಟಿವಿಗೆ ಗೊತ್ತು, ಎಷ್ಟೋ ಮಾನಿಟರ್‌ಗಳಿಗೆ ಬರುವುದಿಲ್ಲ. ಬೌಲರ್ ಓಡಿ ಬರುವಾಗ ಅವನ ತೋಳಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ 1080ಪಿ ಇದ್ದರೆ ಅದನ್ನು, ಇಲ್ಲದಿದ್ದರೆ 720ಪಿ ಆರಿಸಿ. 'ಪಿ' ಅಂದರೆ ಎಲ್ಲ ಗೆರೆಗಳೂ ಒಟ್ಟಿಗೇ ಬರುತ್ತವೆ. ಸೇರಿಸುವ ಕೆಲಸ ಬಾಕ್ಸೇ ಮಾಡಿಕೊಳ್ಳುತ್ತದೆ. ಪರದೆಯಲ್ಲಿ ಏನೂ ಬರದೆ ಸೆಟ್ಟಿಂಗ್ ಬದಲಿಸಲು ಆಗದಿದ್ದರೆ ಪಕ್ಕದ ಮನೆಯ ಟಿವಿಗೆ ಬಾಕ್ಸ್ ಜೋಡಿಸಿ ಬದಲಿಸಿಕೊಂಡು ತನ್ನಿ.

ಕೊನೆಗೆ ಕಪ್ಪು ಬಣ್ಣ. ಬೆಳಕಿನ ಮಟ್ಟವನ್ನು ಅಂಕಿಯಲ್ಲಿ ಹೇಳುವಾಗ ಟಿವಿ ಸಂಕೇತದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಡಿವಿಐಗೆ ಟಿವಿ ಲೆಕ್ಕದ ಸಂಕೇತ ಬಂದರೆ ರಾತ್ರಿ ದೃಶ್ಯಗಳೆಲ್ಲ ಬೂದಿ ಬಳಿದ ಹಾಗಾಗುತ್ತವೆ. ಒಂದು ದೀಪದ ಬೆಳಕಿನಲ್ಲಿ ಅರ್ಧ ಮುಖ ಕಾಣಲಿ, ಅರ್ಧ ಕತ್ತಲಲ್ಲಿರಲಿ ಅಂತ ಕ್ಯಾಮೆರಾದವರು ಅಷ್ಟು ಕಷ್ಟಪಟ್ಟು ತೆಗೆದಿರುತ್ತಾರೆ, ಅದು ಹೀಗೆ ಹಾಳಾಗುವುದನ್ನು ನನಗಂತೂ ನೋಡಲಾಗುವುದಿಲ್ಲ. ಬಾಕ್ಸಿನಲ್ಲಿ ಆರ್‌ಜಿಬಿ ಫುಲ್ ಅನ್ನುವ ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೆ ಕತ್ತಲ ದೃಶ್ಯವೊಂದನ್ನು ನಿಲ್ಲಿಸಿಕೊಂಡು ಮಾನಿಟರ್‌ನ ಬ್ರೈಟ್‌ನೆಸ್ ಇಳಿಸುತ್ತಾ, ಕಾಂಟ್ರಾಸ್ಟ್ ಸ್ವಲ್ಪ ಏರಿಸುತ್ತಾ ಹೋಗಿ. ಕಪ್ಪು ಕೂದಲಿನ ಎಳೆಗಳು ಮುಚ್ಚಿಹೋಗುವ ಮುಂಚೆ ನಿಲ್ಲಿಸಿ.

ಮ್ಯಾನ್ಯುಯಲ್ ಸಿಗದಿದ್ದರೆ ಮಾನಿಟರ್ ಹಿಂದಿನ ಸ್ಟಿಕ್ಕರ್‌ನಲ್ಲಿ ಇರುವ ಮಾಡೆಲ್ ನಂಬರ್ ತಿಳಿಸಿ. ಎಚ್‌ಡಿಸಿಪಿ, 50 ಹರ್ಟ್ಸ್ ಎರಡೂ ಇವೆಯಾ ಅಂತ ನಾನೇ ಹುಡುಕಿ ಹೇಳುತ್ತೇನೆ. ಅಲ್ಲಿಯವರೆಗೆ ಕೇಬಲ್ ಕೊಳ್ಳಬೇಡಿ.