ಲಸಿಕೆ ಒಲ್ಲದ ಆಳಿನ ಕೂಲಿ ಹಿಡಿಯಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನನ್ನದೊಂದು ಅಡಿಕೆ ತೋಟವಿದೆ, 12 ಜನ ಕಾಯಂ ಕೆಲಸಗಾರರಿದ್ದಾರೆ. ಅವರ ಆರೋಗ್ಯ ವಿಮೆಯ ಅರ್ಧ ಕಂತನ್ನು ನಾನೇ ಕಟ್ಟುತ್ತೇನೆ. ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧವಾಗುತ್ತಿದೆಯಂತೆ. ಅದು ಬಂದ ಮೇಲೂ ಹಾಕಿಸಿಕೊಳ್ಳಲು ಒಪ್ಪದವರ ಕೂಲಿಯಲ್ಲಿ ಸ್ವಲ್ಪ ಹಿಡಿಯಬಹುದೇ? ವಿಮಾ ಕಂಪನಿಯವರು ಅಂಥವರಿಂದ ಹೆಚ್ಚು ಕಂತು ಕೇಳಿದರೆ ತಪ್ಪೇನು?

ಉತ್ತರ: ಕೂಲಿ ಹಿಡಿಯುವಂತಿಲ್ಲ. ಕೂಲಿಯಲ್ಲಿ ಏನೇನನ್ನು ಮುರಿದುಕೊಳ್ಳಬಹುದು ಎಂಬುದನ್ನು ವೇತನ ಕಾನೂನೇ ಪಟ್ಟಿ ಮಾಡಿದೆ. ಗೈರುಹಾಜರಿ, ಮುಂಗಡದ ಬಾಕಿ, ಭವಿಷ್ಯನಿಧಿ ಅದರಲ್ಲಿವೆ, ಲಸಿಕೆ ಒಲ್ಲೆನೆಂದದ್ದು ಇಲ್ಲ. ಜೊತೆಗೆ 2022ರ ಮೇ 2ರಂದು ಸುಪ್ರೀಂ ಕೋರ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದೂ, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧಗಳನ್ನು ಹೇರಬಹುದಾದರೂ ಅವು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕೆಂದೂ ಹೇಳಿತು. ಲಸಿಕೆ ಪಡೆದವರಿಗಿಂತ ಪಡೆಯದವರೇ ಹೆಚ್ಚು ಸೋಂಕು ಹರಡುತ್ತಾರೆಂಬುದಕ್ಕೆ ಆಧಾರ ಒದಗಿಸಿಲ್ಲವೆಂಬ ಕಾರಣಕ್ಕೆ ಆಗಿನ ಕೋವಿಡ್ ನಿರ್ಬಂಧಗಳನ್ನು ಅದು ಒಪ್ಪಲಿಲ್ಲ.

ಆ ತೀರ್ಪಿನ ತಿರುಳು ನಿಮ್ಮ ತೋಟಕ್ಕೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಮನುಷ್ಯನಿಗೆ ಮುಖ್ಯವಾಗಿ ಉಣ್ಣೆ ಎಂಬ ರಕ್ತ ಹೀರುವ ಹುಳು ಕಚ್ಚಿ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆಯ ಲಸಿಕೆಯನ್ನು ಆಸ್ಪತ್ರೆಯ ದಾದಿಯೊಬ್ಬರು ಬೇಡವೆಂದರೆ ಹಾಸಿಗೆಯಲ್ಲಿ ಮಲಗಿದ ರೋಗಿಗೆ ಅಪಾಯವಾಗಬಹುದು, ಆದ್ದರಿಂದ ಅಲ್ಲಿ ಷರತ್ತು ಹಾಕುವುದಕ್ಕೆ ಅರ್ಥವಿದೆ. ನಿಮ್ಮ ಆಳು ಬೇಡವೆಂದರೆ ಪಕ್ಕದಲ್ಲಿ ಅಡಿಕೆ ಸುಲಿಯುವವನಿಗೆ ಏನೂ ಆಗುವುದಿಲ್ಲ.

ಅವರು ಬೇಡವೆನ್ನುವುದಕ್ಕೆ ಹಳೆಯ ಅನುಭವವೂ ಕಾರಣವಿರಬಹುದು. ಹಿಂದಿನ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಮ್ಮೆ, ಆಮೇಲೆ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು, ಆ ದಿನದ ಕೂಲಿಯೂ ಹೋಗುತ್ತಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನವೊಂದರಲ್ಲಿ ಎರಡು ಡೋಸಿನ ಪರಿಣಾಮ ಶೇ 62ರಷ್ಟು, ವರ್ಧಕ ಡೋಸನ್ನೂ ಪಡೆದವರಲ್ಲಿ ಶೇ 83ರಷ್ಟು ಕಂಡುಬಂದಿತ್ತು. ಕೊನೆಗೆ ಪರಿಣಾಮ ಸಾಲದೆಂದು ಸರ್ಕಾರವೇ ಅದನ್ನು ನಿಲ್ಲಿಸಿತು. ಸರ್ಕಾರವೇ ಕೈಬಿಟ್ಟ ಸೂಜಿಯನ್ನು ನೆನಪಿಟ್ಟುಕೊಂಡವರನ್ನು ಹಟಮಾರಿಗಳೆಂದು ಕರೆಯಲು ನನಗೆ ಮನಸ್ಸು ಬಾರದು.

ವಿಮೆಯ ಮಾತಿಗೆ ಬಂದರೆ, ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ 2021ರ ನವೆಂಬರಿನಿಂದ ಕೋವಿಡ್ ಲಸಿಕೆ ಪಡೆಯದ ನೌಕರರ ವಿಮೆಗೆ ತಿಂಗಳಿಗೆ 200 ಡಾಲರ್ ಹೆಚ್ಚುವರಿ ಹಾಕಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಪ್ರತಿ ನೌಕರನಿಗೆ ಸರಾಸರಿ 50,000 ಡಾಲರ್ ಖರ್ಚು ಬೀಳುತ್ತಿದೆಯೆಂಬುದು ಅದರ ಸಮರ್ಥನೆ. ತಂಬಾಕು ಸೇದುವವರು ಹೆಚ್ಚು ಕಂತು ಕಟ್ಟುವುದು ನಮ್ಮಲ್ಲೂ ಇದೆಯಲ್ಲವೇ ಎಂದು ನೀವು ಕೇಳಬಹುದು. ಆದರೆ ಬೀಡಿ ಸೇದೆಂದು ಯಾವ ಯಜಮಾನನೂ ಆಳನ್ನು ಕಳಿಸುವುದಿಲ್ಲ. ಫೆಬ್ರವರಿಯ ಬೆಳಗ್ಗೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೆಂಗಸರನ್ನು ಸೊಪ್ಪಿನ ಬೆಟ್ಟಕ್ಕೆ ಕಳಿಸುವವರು ನಾವೇ. ಅವರು ಬಗ್ಗಿ ಎಲೆ ಬಾಚಿ, ಹೆಡಿಗೆಗೆ ತುಂಬಿ, ತಲೆಯ ಮೇಲೆ ಹೊತ್ತು ತರುವಷ್ಟರಲ್ಲಿ ಕುತ್ತಿಗೆಯಲ್ಲಿ, ಸೀರೆಯ ನೆರಿಗೆಯಲ್ಲಿ ಸಾಸಿವೆಗಿಂತ ಸಣ್ಣ ಉಣ್ಣೆ ಸೇರಿಕೊಂಡಿರುತ್ತದೆ. ಆ ದರಗು ಹೋಗುವುದು ನಿಮ್ಮ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ನಿಮ್ಮ ತೋಟಕ್ಕೆ. ಅಪಾಯ ಹುಟ್ಟುವುದು ಕೆಲಸದಿಂದ. ಅದರ ಬೆಲೆಯನ್ನು ಕೆಲಸದವಳ ಕಂತಿಗೆ ಸೇರಿಸುವುದು ತಕ್ಕಡಿಯನ್ನು ತಿರುಗಿಸಿ ಹಿಡಿದಂತೆ. ಆದ್ದರಿಂದ ಕಂಪನಿ ಹೆಚ್ಚುವರಿ ಕೇಳಿದರೆ ಅದು ನಿಮ್ಮ ಪಾಲಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಹೊಸ ಲಸಿಕೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಅದು ಬಂದಾಗ ಹಾಕಿಸಿಕೊಳ್ಳುವ ದಿನಕ್ಕೂ, ಜ್ವರ ಬಂದರೆ ಮರುದಿನಕ್ಕೂ ಪೂರ್ತಿ ಕೂಲಿ ಕೊಡಿ. ಆಗ ಒಪ್ಪದವರ ಸಂಖ್ಯೆ ತಾನಾಗಿ ಇಳಿಯಬಹುದು. ಅಲ್ಲಿಯವರೆಗೆ ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರಿಗೂ ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ತಂದುಕೊಡಿ, ಮರಳಿದ ಕೂಡಲೇ ಬಿಸಿನೀರಿನ ಸ್ನಾನಕ್ಕೆ ನಿಮ್ಮ ಹಂಡೆಯಲ್ಲೇ ವ್ಯವಸ್ಥೆ ಮಾಡಿ. ಆಮೇಲೂ ಲಸಿಕೆ ಒಲ್ಲೆನೆಂದವರಿಗೆ ಡಿಸೆಂಬರಿನಿಂದ ಮೇ ತನಕ ಅಂಗಳದ ಕೆಲಸವನ್ನು, ಅದೇ ಕೂಲಿಗೆ, ವಹಿಸಿ.